ಕೆಂಚನಕಟ್ಟೆಯ ಮಳೆ ಪುಸ್ತಕ

ಮಾನ್ಯ ವಾಚಕರೇ, ಮಳೆಯೆಂಬುದು ಆಕಾಶದಿಂದ ಬಿದ್ದ ಮೇಲೆ ಎರಡು ಕಡೆ ಸೇರುತ್ತದೆಂಬುದನ್ನು ತಾವು ಮೊದಲು ಒಪ್ಪಿಕೊಳ್ಳಬೇಕಾಗಿ ವಿನಂತಿ: ಒಂದು, ನೆಲಕ್ಕೆ; ಇನ್ನೊಂದು, ಪುಸ್ತಕಕ್ಕೆ. ನೆಲಕ್ಕೆ ಸೇರಿದ್ದರ ಬಗ್ಗೆ ಹೇಳಬಲ್ಲವರು ಈ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪುಸ್ತಕಕ್ಕೆ ಸೇರಿದ್ದರ ಬಗ್ಗೆ, ಕಣ್ಣಾರೆ ಕಂಡು ಕಿವಿಯಾರೆ ಕೇಳಿದಷ್ಟನ್ನು ಮಾತ್ರ, ಇಲ್ಲಿ ನಿವೇದಿಸಲಾಗಿದೆ.

"ಈ ಅಂಕಿ ಬರದವರು ಯಾರ್ರಿ, ಯಜಮಾನ್ರ?"

ಮೌನೇಶ್ ಹೀಗೆ ಕೇಳಿದಾಗ ಬೊಮ್ಮಪ್ಪ ಬಂಗಲೆಯ ಹಿಂಬದಿಯ ಕಲ್ಲಿನ ಮೇಲೆ ಕುಳಿತು ಲಾಟೀನಿನ ಗಾಜನ್ನು ಬೂದಿ ಹಚ್ಚಿ ಉಜ್ಜುತ್ತಿದ್ದ. ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಎದುರಿಗೆ ಚಾಚಿದ ರಿಜಿಸ್ಟರನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ನೋಡಿದ.

"ನಾನ ರೀ. ನನ್ನ ಏಳು ನೋಡ್ರಿ, ಕುಡಗೋಲು ಇದ್ದಂಗ ಇರತೈತಿ. ಯಾಕ್ರಿ ತಮ್ಮಾ, ತಪ್ಪಾಗೈತೇನು?"

"ತಪ್ಪಲ್ರಿ. ಇಂಥಾ ಚಂದದ ಲೆಕ್ಕ ನಾ ಎಲ್ಲೂ ನೋಡಿಲ್ಲ."

ಬೊಮ್ಮಪ್ಪನ ಮುಖ ಅರಳಿತು. ಇಪ್ಪತ್ತೊಂದು ವರ್ಷಗಳಲ್ಲಿ ಆ ಪುಸ್ತಕವನ್ನು ತೆರೆದು ಓದಿದವರು ಅದುವರೆಗೆ ಒಬ್ಬರೂ ಇರಲಿಲ್ಲ.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಆರಿದ್ರಾ ಮಳೆಯ ಸಮಯ. ಹಿರೇಹಡಗಲಿಯಿಂದ ಮೂರು ಮೈಲಿಯಾಚೆ, ಹೊಳೆಯ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಕೆಂಚನಕಟ್ಟೆಯ ಬಂಗಲೆಯಿದೆ. ಎರಡು ಕೋಣೆ, ಒಂದು ಜಗುಲಿ, ಹಿಂದೆ ಅಡುಗೆಮನೆ. ಮುಂದಿನ ಅಂಗಳದಲ್ಲಿ ತಂತಿಬೇಲಿಯೊಳಗೆ ಕೊಡದಷ್ಟು ಎತ್ತರದ ಮಳೆಮಾಪಕ. ಬೊಮ್ಮಪ್ಪ ಆ ಬಂಗಲೆಯ ಮೇಟಿ. ಸಾಹೇಬರು ಬಂದರೆ ಬಾಗಿಲು ತೆಗೆಯುವುದು, ಅಡುಗೆ ಮಾಡಿ ಬಡಿಸುವುದು, ಸಾಹೇಬರು ಬಾರದಿದ್ದರೂ ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕದಲ್ಲಿನ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಇಷ್ಟನ್ನೂ ಅವನು ದಿನಗೂಲಿಯ ಮೇಲೆ ಮಾಡುತ್ತಿದ್ದ. ಹಳೆಯ ದಿನಗೂಲಿಗಳನ್ನು ಖಾಯಂ ಮಾಡುವ ಪಟ್ಟಿಯೊಂದು ಬಳ್ಳಾರಿಯಲ್ಲಿ ಸಿದ್ಧವಾಗಿತ್ತು. ಅದರಲ್ಲಿ ಅವನ ಹೆಸರು ಹದಿನಾಲ್ಕನೆಯದು. ದಸರೆಯೊಳಗೆ ಆರ್ಡರು ಬರುವುದೆಂದು ಜೂನಿಯರ್ ಇಂಜಿನಿಯರು ಹೇಳಿದ್ದರು. ಅವನ ಹೆಂಡತಿ ಜಂಬಮ್ಮ ಆ ಹದಿನಾಲ್ಕನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಳು.

ನಾನು ಶಾಲೆಗಳಿಗೆ ಗೋಡೆಯ ನಕಾಶೆಗಳನ್ನು ಮಾರುತ್ತ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ತಿರುಗುತ್ತಿದ್ದವನು. ತಿಂಗಳಿಗೊಮ್ಮೆ ಆ ಬಂಗಲೆಯ ಹಿಂದಿನ ಸಾಮಾನು ಕೋಣೆಯಲ್ಲಿ ನಾಲ್ಕು ದಿನ ತಂಗುವುದು ನನ್ನ ರೂಢಿ. ಹಾಗೆ ತಂಗುವುದು ಇಲಾಖೆಯ ನಿಯಮಕ್ಕೆ ವಿರುದ್ಧವಾಗಿತ್ತು. ಆದ್ದರಿಂದ ಅಲ್ಲಿ ನಡೆದುದರಲ್ಲಿ ಬಾಯಿ ಹಾಕುವ ಅಧಿಕಾರ ನನಗಿರಲಿಲ್ಲ ಎಂದು ಆಗ ತಿಳಿದಿದ್ದೆ.

ಮೌನೇಶ್ ಕೊಟ್ಟೂರಿನ ಹಮಾಲರೊಬ್ಬರ ಮಗ. ವಿಶ್ವವಿದ್ಯಾಲಯದಲ್ಲಿ ಭೂಗೋಳಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿ ನಾಲ್ಕು ವರ್ಷಗಳಾಗಿದ್ದವು. ಈ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಅಳೆಯುವ ಹದಿನೆಂಟು ಕೇಂದ್ರಗಳಿವೆ. ಅವುಗಳ ಇಪ್ಪತ್ತು ವರ್ಷಗಳ ಅಂಕಿಗಳನ್ನು ಅವನು ಬಳ್ಳಾರಿಯ ಕಚೇರಿಗೆ ಹೋದ ವರದಿಗಳಿಂದ ಕೈಬರಹದಲ್ಲಿ ನಕಲು ಮಾಡಿಕೊಂಡು, ಪ್ರತಿಯೊಂದನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕೆಯಿಟ್ಟು ಗೆರೆಯಾಗಿ ಎಳೆದಿದ್ದ. ಹದಿನೇಳು ಕೇಂದ್ರಗಳ ಗೆರೆಗಳು ಎಲ್ಲೆಂದರಲ್ಲಿ ಏರಿ ಎಲ್ಲೆಂದರಲ್ಲಿ ಬಿದ್ದಿದ್ದವು. ಕೆಂಚನಕಟ್ಟೆಯ ಗೆರೆ ಮಾತ್ರ, ಮೊದಲ ನಾಲ್ಕೈದು ವರ್ಷ ಬಿಟ್ಟರೆ, ಮೆಟ್ಟಿಲುಗಳಂತಿತ್ತು. ಪ್ರತಿ ಹದಿನಾಲ್ಕು ದಿನಕ್ಕೊಮ್ಮೆ ಇಲ್ಲಿನ ಮಳೆ ತನ್ನ ಸ್ವಭಾವವನ್ನು ಬದಲಿಸುತ್ತಿತ್ತು. ಹೊಳೆಯ ತಿರುವು, ಹಿಂದಿನ ಗುಡ್ಡ, ಗಾಳಿಯ ದಿಕ್ಕು ಇವೆಲ್ಲವನ್ನು ಸೇರಿಸಿ ಮೌನೇಶ್ ಅದಕ್ಕೊಂದು ಕಾರಣ ಕಟ್ಟಿದ್ದ. ಅವನ ಮಾರ್ಗದರ್ಶಕರಾದ ಪ್ರೊಫೆಸರ್ ನಾಗೇಂದ್ರಪ್ಪನವರು ಅದನ್ನು ತಮ್ಮ ಹೆಸರನ್ನು ಮುಂದಿಟ್ಟು ಒಂದು ದೊಡ್ಡ ಸಮ್ಮೇಳನದಲ್ಲಿ ಓದಿ ಶಾಲು ಹೊದೆಸಿಕೊಂಡು ಬಂದಿದ್ದರು. ಮಹಾಪ್ರಬಂಧ ಬೆರಳಚ್ಚಾಗಿ ಪರೀಕ್ಷಕರಿಗೆ ಹೋಗಿಯಾಗಿತ್ತು. ಪಕ್ಕದ ಹಡಗಲಿಯಲ್ಲೂ ಹಂಪಸಾಗರದಲ್ಲೂ ಇಲ್ಲದ ಈ ಮೆಟ್ಟಿಲು ಇಲ್ಲಿ ಮಾತ್ರ ಏಕೆ ಎಂದು ಬಾಹ್ಯ ಪರೀಕ್ಷಕರು ಒಂದು ಸಾಲಿನ ಪತ್ರ ಬರೆದಿದ್ದರು. ಮೂಲ ಪುಸ್ತಕವನ್ನು ಕಂಡು, ಬರೆದವನಿಂದ ಒಂದು ಪ್ರಮಾಣಪತ್ರ ಪಡೆದು ಬಾ ಎಂದು ನಾಗೇಂದ್ರಪ್ಪನವರು ಅವನನ್ನು ಅಟ್ಟಿದ್ದರು.

ಜಗುಲಿಯ ಟೀಪಾಯಿಯ ಮೇಲೆ ಅವನು ಗ್ರಾಫ್ ಹಾಳೆಯನ್ನು ಬಿಡಿಸಿದ. ಬೊಮ್ಮಪ್ಪ ಬಗ್ಗಿ ನೋಡಿದ.

"ಇದು ನಮ್ಮ ಕಟ್ಟಿ ಮಳಿಯೇನ್ರಿ? ಪಾವಟಗಿ ಇದ್ದಂಗ ಐತಲ್ರಿ."

"ಹೌದ್ರಿ. ಹದಿನಾಲ್ಕು ದಿನಕ್ಕೊಂದು ಪಾವಟಗಿ. ಯಾಕ ಹಂಗ ಅಂತ ನಾ ನಾಲ್ಕು ವರ್ಷ ತಲಿ ಕೆಡಿಸಿಕೊಂಡೀನಿ."

"ಅಯ್ಯ, ನನ್ನ ಕೇಳಿದ್ರ ಒಂದ ಮಾತಿನಾಗ ಹೇಳತಿದ್ನಲ್ರಿ ತಮ್ಮಾ," ಎಂದು ಬೊಮ್ಮಪ್ಪ ನಕ್ಕ. "ಹದಿನಾಲ್ಕು ದಿನಕ್ಕ ಮಳಿ ಬದಲಾಗತೈತಲ್ರಿ. ರೋಹಿಣಿ ಹೋಗಿ ಮಿರಗ, ಮಿರಗ ಹೋಗಿ ಆರಿದ್ರ. ಒಂದೊಂದು ಮಳಿಗೆ ಒಂದೊಂದು ವಾಹನ. ಪಂಚಾಂಗದಾಗ ಬರದಿರತೈತಿ. ಕಪ್ಪಿ ಬಂತಂದ್ರ ಎಪ್ಪತ್ತು ಮಿಲಿಮೀಟ್ರು. ಆನಿ ಬಂದ್ರ ತೊಂಬತ್ತು. ಕುದುರಿಗೆ ಇಪ್ಪತ್ತು, ನರಿಗೆ ಐದು. ಕತ್ತಿ ಬಂದ್ರ ಸೊನ್ನಿ. ಅದನ್ನ ಹದಿನಾಲ್ಕು ದಿನಕ್ಕ ಹಂಚಿ ಬರದುಬಿಡತಿದ್ದೆ."

ಮೌನೇಶನ ಬೆರಳು ಹಾಳೆಯ ಮೇಲೆ ಇದ್ದಲ್ಲೇ ಇತ್ತು. ಬೊಮ್ಮಪ್ಪ ಉತ್ಸಾಹದಿಂದ ಒಳಗೆ ಹೋಗಿ ತಗಡಿನ ಟ್ರಂಕನ್ನು ಎಳೆದುಕೊಂಡು ಬಂದ. ಅದರೊಳಗೆ ಹದಿನಾರು ವರ್ಷಗಳ ಪಂಚಾಂಗಗಳು ಅರಿಸಿನದ ಕಲೆಗಳ ಸಹಿತ ಒಪ್ಪವಾಗಿ ಜೋಡಿಸಿದ್ದವು. ಮೌನೇಶ್ ಒಂದನ್ನು ತೆಗೆದ. ಆ ವರ್ಷದ ಪುಟವನ್ನು ತನ್ನ ನಕಲಿನಲ್ಲಿ ಹುಡುಕಿದ. ಕಪ್ಪೆಯ ಎದುರಿಗೆ ಎಪ್ಪತ್ತು, ನರಿಯ ಎದುರಿಗೆ ಐದು, ಕತ್ತೆಯ ಎದುರಿಗೆ ಸೊನ್ನೆ. ಇನ್ನೊಂದನ್ನು ತೆಗೆದ. ಮೂರನೆಯದನ್ನು ತೆಗೆಯಲಿಲ್ಲ.

"ಅಳತಿ ಗ್ಲಾಸು?" ಎಂದು ಕೇಳಿದ.

"ಎಂಬತ್ಮೂರರಾಗ ಒಡೀತ್ರಿ. ಯಾರೋ ಒಬ್ಬ ಸಾಹೇಬ್ರು ಬ್ರಾಂದಿ ಅಳಿಯಾಕ ಅಂತ ತಗೊಂಡ್ರು, ಕೈ ಜಾರಿ ಬಿತ್ತು. ಹೊಸಾದು ಕೊಡ್ರಿ ಅಂತ ಆರು ಸಲ ಕೇಳಿದೆ. ಖಾಲಿ ಮಾತ್ರ ಬಿಡಬ್ಯಾಡ, ಏನರ ತುಂಬು ಅಂದ್ರು. ಏನರ ಹೆಂಗ ತುಂಬಲಿ, ಸುಳ್ಳಾಗತೈತಲ್ರಿ. ಅದಕ್ಕ ಪಂಚಾಂಗ ನೋಡಿ ಬರದೆ. ನೀರು ಜಾಸ್ತಿ ಬಿದ್ದ ದಿನ ಪಾಲು ಜಾಸ್ತಿ ಹಾಕತಿದ್ದೆ. ಮನಸಿಗೆ ಬಂದದ್ದು ಒಂದೂ ಬರದಿಲ್ಲ."

ಬಾಗಿಲಲ್ಲಿ ನಿಂತಿದ್ದ ಜಂಬಮ್ಮ ಹೇಳಿದಳು: "ಹದಿನಾರು ವರ್ಷ ಕಪ್ಪಿ ಕತ್ತಿ ಜೋಡಿ ಸಂಸಾರ ಮಾಡ್ಯಾರ ನಮ್ಮ ಮನ್ಯಾರು. ನನಗ ಯಾವ ವಾಹನ ಕೊಟ್ಟಾರಂತ ಕೇಳಪ್ಪ ಸ್ವಲ್ಪ."

ಬೊಮ್ಮಪ್ಪ ನಕ್ಕ. ನಾನೂ ನಕ್ಕೆ. ಮೌನೇಶ್ ಹಾಳೆಯನ್ನು ಸುತ್ತತೊಡಗಿದ್ದ.

ಆ ಮಧ್ಯಾಹ್ನ ಅವನು ಹಿರೇಹಡಗಲಿಗೆ ನಡೆದುಕೊಂಡು ಹೋದ. ನನಗೂ ಅಂಟು ಕೊಳ್ಳುವುದಿದ್ದುದರಿಂದ ಜೊತೆಗೆ ಹೋದೆ. ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾಗಿ ಅವನ ಪಾಲಿನ ಮಾತು ಸರದಿಯಲ್ಲಿ ನಿಂತ ಎಲ್ಲರಿಗೂ ಕೇಳಿಸಿತು.

"ಕಪ್ಪೆ, ಸರ್... ಅಲ್ಲ ಸರ್, ಪ್ರಾಣಿ, ಕಪ್ಪೆ... ಹೌದು ಸರ್, ಪೂರ್ತಿ ಹದಿನಾರು ವರ್ಷ... ಇಲ್ಲ ಸರ್, ನಾನು ಯಾರಿಗೂ... ಆದರೆ ಸರ್, ಆ ಅಧ್ಯಾಯ ತೆಗೆದರೆ ಪ್ರಬಂಧದಲ್ಲಿ ಏನೂ ಉಳಿಯೋದಿಲ್ಲ..."

ಬಳಿಕ ಬಹಳ ಹೊತ್ತು ಅವನು ಕೇಳಿಸಿಕೊಂಡ. ಹೊರಗೆ ಬಂದಾಗ ಬೆವರಿದ್ದ. ಬೂತಿನವನಿಗೆ ದುಡ್ಡು ಕೊಟ್ಟು, ಬೀದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ನನ್ನೊಡನೆ ಹೇಳಿದ:

"ಪ್ರಮಾಣಪತ್ರ ತಗೊಂಡು ಬಾ, ಇಲ್ಲಾ ಬರೂದ ಬ್ಯಾಡ ಅಂದ್ರು. ನಮ್ಮಪ್ಪ ಇನ್ನೂ ಚೀಲ ಹೊರತಾನ, ಅಣ್ಣಾರ."

ಸಂಜೆಯ ಊಟಕ್ಕೆ ಜಂಬಮ್ಮ ಜೋಳದ ರೊಟ್ಟಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಮಾಡಿದ್ದಳು. ಕೊಟ್ಟೂರಿನ ಹುಡುಗ, ನಮ್ಮ ಸೀಮೆಯವನು ಎಂಬ ಅಭಿಮಾನದಿಂದ ಇಟ್ಟ ಬೆಣ್ಣೆಯ ಉಂಡೆ ಅವನ ತಟ್ಟೆಯಲ್ಲಿ ಮಾತ್ರವಿತ್ತು. ಮೌನೇಶ್ ಎರಡನೆಯ ರೊಟ್ಟಿಯನ್ನು ಮುರಿಯುತ್ತ, ಎಡಗೈಯಿಂದ ಚೀಲದೊಳಗಿನ ಟೈಪು ಮಾಡಿದ ಕಾಗದವನ್ನು ತೆಗೆದು ಬೊಮ್ಮಪ್ಪನ ಮುಂದೆ ಇಟ್ಟ. ಸಾವಿರದ ಒಂಬೈನೂರ ಎಪ್ಪತ್ತೆಂಟರಿಂದ ಇಂದಿನವರೆಗೆ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳತೆಯ ಗ್ಲಾಸಿನಿಂದಲೇ ಅಳೆದು ಬರೆದಿರುತ್ತೇನೆ ಎಂದು ಅದರಲ್ಲಿತ್ತು. ಬೊಮ್ಮಪ್ಪ ಅದನ್ನು ತುಟಿಯಾಡಿಸುತ್ತ ಎರಡು ಸಲ ಓದಿದ.

"ಇದರಾಗ ಸಹಿ ಮಾಡಾಕ ಬರಂಗಿಲ್ರಿ ತಮ್ಮಾ."

"ಯಾಕ್ರಿ?"

"ಅಳದಿಲ್ಲಲ್ರಿ. ಅಳದೀನಿ ಅಂದ್ರ ಸುಳ್ಳಾಗತೈತಿ."

"ಪುಸ್ತಕದಾಗ ಬರದದ್ದು?"

"ಅದು ಸುಳ್ಳಲ್ರಿ. ಅದು ಪಂಚಾಂಗ."

ಮೌನೇಶ್ ಬಾಯಲ್ಲಿದ್ದ ತುತ್ತನ್ನು ನುಂಗಿದ. ಅವನ ದನಿ ಮೊದಲಿಗಿಂತ ಮೃದುವಾಯಿತು. ಪಾಠ ಹೇಳುವವರ ದನಿ.

"ನೋಡು ಬೊಮ್ಮಪ್ಪ. ನೀನು ಸಹಿ ಮಾಡಲಿಲ್ಲ ಅಂದ್ರ ನಾ ಕಂಡದ್ದನ್ನ ಬರೀಬೇಕಾಗತೈತಿ. ಬರದ್ರ ಅದು ಬಳ್ಳಾರಿಗೆ ಹೋಗತೈತಿ. ಹೋದಮ್ಯಾಗ ಆ ಪಟ್ಟಿನಾಗ ಹದಿನಾಲ್ಕನೇ ಹೆಸರು ಇರತೈತೋ ಇಲ್ಲೋ, ನೀನ ಹೇಳು."

ಆ ದಿನ ಬೆಳಗಿನಿಂದ ಯಜಮಾನರಾಗಿದ್ದವನು ಬೊಮ್ಮಪ್ಪನಾಗಿದ್ದನ್ನು ಜಂಬಮ್ಮ ಗಮನಿಸಿದಳು. ಅವಳ ಕೈ ಹಂಚಿನ ಮೇಲೆ ನಿಂತಿತು. ರೊಟ್ಟಿ ಸೀಯುವ ವಾಸನೆ ಬಂತು.

"ಮಾಡ್ರಿ ಸಹಿ," ಎಂದಳು, ಗಂಡನ ಕಡೆಗೆ ನೋಡದೆ. "ಓದಿದ ಹುಡುಗ ಹೇಳತೈತಿ."

ಬೊಮ್ಮಪ್ಪ ಸಹಿ ಮಾಡಿದ. ಮೌನೇಶ್ ಕಾಗದವನ್ನು ಮಡಚಿಟ್ಟುಕೊಂಡು, ಅದೇ ಚೀಲದಿಂದ ಹತ್ತಿಯಲ್ಲಿ ಸುತ್ತಿದ ಒಂದು ಹೊಸ ಅಳತೆಯ ಗ್ಲಾಸನ್ನು ತೆಗೆದುಕೊಟ್ಟ. ಅದು ಅವನ ವಿಭಾಗದ್ದು. ಕೇಂದ್ರಗಳ ಗ್ಲಾಸುಗಳನ್ನು ಹೋಲಿಸಿ ನೋಡಲು ತಂದಿದ್ದನಂತೆ. "ಇನ್ನ ಮ್ಯಾಲೆ ಇದರಾಗ ಅಳದು ಬರೀರಿ," ಎಂದು ಹೇಳುವಾಗ ಅವನು ತಲೆ ತಗ್ಗಿಸಿದ್ದನೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಮುಂದಿನ ತಿಂಗಳು ನಾನು ತಿರುಗಿ ಬಂದಾಗ ಬೊಮ್ಮಪ್ಪ ಬೇರೆಯೇ ಮನುಷ್ಯನಾಗಿದ್ದ. ಎಂಟೂವರೆಗೆ ಮೊದಲೇ ಸ್ನಾನ ಮುಗಿಸಿ, ತಂತಿಬೇಲಿಯ ಬಾಗಿಲು ತೆಗೆದು, ಮಾಪಕದೊಳಗಿನ ಬಾಟಲಿಯ ನೀರನ್ನು ಒಂದು ಹನಿಯೂ ಚೆಲ್ಲದಂತೆ ಗ್ಲಾಸಿಗೆ ಸುರಿದು, ಅದನ್ನು ಕಟ್ಟೆಯ ಮೇಲಿಟ್ಟು, ತಾನು ನೆಲಕ್ಕೆ ಮಂಡಿಯೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತಿದ್ದ. "ಮೂರು ಪಾಯಿಂಟು ಆರು" ಎಂದು ಗಟ್ಟಿಯಾಗಿ ಹೇಳಿ ಬರೆಯುತ್ತಿದ್ದ. ಕಪ್ಪೆಯ ವಾಹನದ ಮಳೆಯಲ್ಲಿ ಒಂಬತ್ತು ದಿನ ಹನಿಯೂ ಬೀಳಲಿಲ್ಲ. ಅವನು ಒಂಬತ್ತು ಸೊನ್ನೆಗಳನ್ನು ಬರೆದ. ಕತ್ತೆಯ ವಾಹನದಲ್ಲಿ ಒಂದೇ ದಿನ ನಲವತ್ತೊಂದು ಪಾಯಿಂಟು ನಾಲ್ಕು ಬಿತ್ತು, ಅದನ್ನೂ ಬರೆದ.

"ಪಂಚಾಂಗ ಸುಳ್ಳಾತೇನು ಹಂಗಾರ?" ಎಂದು ಜಂಬಮ್ಮ ಕೆಣಕಿದರೆ, "ಸುಳ್ಳಲ್ಲ ಬಿಡ. ನಮ್ಮ ಕಟ್ಟಿಗೆ ಅದು ಹೊಂದಂಗಿಲ್ಲ ಅಷ್ಟ," ಎನ್ನುತ್ತಿದ್ದ.

ಆಗಸ್ಟಿನಲ್ಲಿ, ಮಘಾ ಮಳೆ ಹೊಕ್ಕ ಮೂರನೆಯ ದಿನ, ಎರಡು ಜೀಪುಗಳು ಬಂದವು. ಒಂದರಲ್ಲಿ ಜೂನಿಯರ್ ಇಂಜಿನಿಯರು. ಇನ್ನೊಂದರಲ್ಲಿ ಪ್ರೊಫೆಸರ್ ನಾಗೇಂದ್ರಪ್ಪ, ಮೈಸೂರು ಕಡೆಯವರಾದ ಬಾಹ್ಯ ಪರೀಕ್ಷಕರು, ಮತ್ತು ಇಸ್ತ್ರಿಯ ಅಂಗಿ ತೊಟ್ಟ ಮೌನೇಶ್. ಮೆಟ್ಟಿಲು ಮೆಟ್ಟಿಲಾಗಿ ಸುರಿಯುವ ಮಳೆಯ ಸ್ಥಳವನ್ನು ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲವೆಂದು ಪರೀಕ್ಷಕರು ಹಟ ಹಿಡಿದಿದ್ದರಂತೆ. ಎರಡು ಕೋಳಿ ಸಿದ್ಧವಿರಲೆಂದು ಹಿಂದಿನ ದಿನವೇ ಹೇಳಿಕಳುಹಿಸಲಾಗಿತ್ತು. ನಾನು ನನ್ನ ನಕಾಶೆಗಳನ್ನು ಸಾಮಾನು ಕೋಣೆಯೊಳಗೆ ಸೇರಿಸಿ, ಅಡುಗೆಮನೆಯಲ್ಲಿ ಜಂಬಮ್ಮನಿಗೆ ಈರುಳ್ಳಿ ಹೆಚ್ಚಿಕೊಡುವವನಂತೆ ಕುಳಿತೆ. ಅಲ್ಲಿಂದ ಜಗುಲಿ ಪೂರ್ತಿ ಕಾಣುತ್ತಿತ್ತು.

ಪರೀಕ್ಷಕರು ಗುಡ್ಡವನ್ನು ನೋಡಿದರು, ಹೊಳೆಯ ದಿಕ್ಕನ್ನು ಕೇಳಿದರು, ಮಾಪಕವನ್ನು ಬೆರಳಿನಿಂದ ತಟ್ಟಿದರು. ಬೊಮ್ಮಪ್ಪ ಅವರ ಹಿಂದೆ ಹಿಂದೆ ಗ್ಲಾಸನ್ನು ಹಿಡಿದುಕೊಂಡೇ ತಿರುಗಿದ. ಕೊನೆಗೆ ಅವರು ಕುರ್ಚಿಯಲ್ಲಿ ಕುಳಿತು, "ಹಳೆಯದು ಇರಲಿ. ಈ ವರ್ಷದ ಪುಸ್ತಕ ಕೊಡಿ," ಎಂದರು.

ಬೊಮ್ಮಪ್ಪ ಓಡಿಹೋಗಿ ತಂದ. ಅವನಿಗದು ಹಬ್ಬ. ಪರೀಕ್ಷಕರು ಜುಲೈ ತಿರುವಿದರು, ಆಗಸ್ಟ್ ತಿರುವಿದರು, ಮತ್ತೆ ಜುಲೈಗೆ ಬಂದರು.

"ಇದರಲ್ಲಿ ಮೆಟ್ಟಿಲು ಎಲ್ಲಿದೆ, ನಾಗೇಂದ್ರಪ್ಪನವರೇ?"

ನಾಗೇಂದ್ರಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು. ಅವರ ಕುತ್ತಿಗೆ ಕೆಂಪಾಯಿತು. ಆದರೂ ಅವರು ಮೂವತ್ತು ವರ್ಷ ಪಾಠ ಹೇಳಿದವರು; ಉತ್ತರ ತಡವಾಗಲಿಲ್ಲ.

"ಇಷ್ಟು ವರ್ಷ ತಪ್ಪದ ಲಯ ಈ ಎರಡು ತಿಂಗಳಲ್ಲಿ ತಪ್ಪಿದೆ ಅಂದರೆ, ಮಳೆ ತಪ್ಪಿಲ್ಲ ಸಾರ್. ಬರೆಯೋನು ತಪ್ಪಿದ್ದಾನೆ. ತಾನು ಖಾಯಂ ಆಗ್ತೀನಿ ಅಂತ ಇವನಿಗೆ ಗೊತ್ತಾಗಿದೆ. ಇನ್ನು ಯಾಕೆ ಅಳೀತಾನೆ?"

ಇಂಜಿನಿಯರರು ಬೊಮ್ಮಪ್ಪನತ್ತ ತಿರುಗಿದರು. "ಏನಲೇ ಇದು? ಈ ವರ್ಷ ಅಳದಿಲ್ಲೇನು?"

"ಈ ವರ್ಷಾನ ಅಳದೀನ್ರಿ ಸಾಹೇಬ್ರ. ಹಿಂದಿನ ಹದಿನಾರು ವರ್ಷ ಅಳದಿಲ್ಲ."

"ಉಳಿದ ವರ್ಷ ಅಳದೀನಿ ಅಂತ ನಿನ್ನ ಸಹಿ ಐತಿ ಇಲ್ಲಿ." ಇಂಜಿನಿಯರರು ಕಾಗದವನ್ನು ಅವನ ಮೂಗಿನ ಬಳಿ ಹಿಡಿದರು.

"ಐತ್ರಿ. ಅದು ಸುಳ್ಳು ಸಹಿ. ಮೊದ್ಲೆಲ್ಲಾ ಪಂಚಾಂಗ ನೋಡಿ ಬರದೀನ್ರಿ. ಕಪ್ಪಿಗೆ ಎಪ್ಪತ್ತು, ಆನಿಗೆ ತೊಂಬತ್ತು, ಕತ್ತಿಗೆ ಸೊನ್ನಿ. ಬೇಕಾದ್ರ ಟ್ರಂಕ್ ತರತೀನಿ ನೋಡ್ರಿ."

ಪರೀಕ್ಷಕರು ನಕ್ಕರು. ಅವರು ನಕ್ಕಿದ್ದರಿಂದ ನಾಗೇಂದ್ರಪ್ಪನವರೂ, ಅವರಿಗಿಂತ ಜೋರಾಗಿ ಇಂಜಿನಿಯರರೂ ನಕ್ಕರು.

"ಆನೆ, ಕಪ್ಪೆ," ಎಂದು ಪರೀಕ್ಷಕರು ಕಣ್ಣೊರೆಸಿಕೊಂಡರು. "ಸರ್ಕಸ್ಸೇ ಇಟ್ಟಿದ್ದಾನಲ್ಲಪ್ಪ. ನೀವೇನಂತೀರಿ, ಮೌನೇಶ್? ನೀವು ಬಂದು ನೋಡಿದವರು. ಯಾವುದು ನಿಜ?"

ಬೊಮ್ಮಪ್ಪ ಮೌನೇಶನ ಕಡೆಗೆ ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಟ್ರಂಕನ್ನು ಕಂಡವನು ಇವನೊಬ್ಬ ಇದ್ದಾನಲ್ಲ, ಇನ್ನು ಹೇಳುತ್ತಾನೆ ಎಂಬ ನೆಮ್ಮದಿ ಮಾತ್ರವಿತ್ತು. ಅಡುಗೆಮನೆಯಲ್ಲಿ ಜಂಬಮ್ಮ ಸೌಟನ್ನು ಪಾತ್ರೆಯಿಂದ ಮೇಲೆತ್ತಿ ಹಿಡಿದಿದ್ದಳು. ಅದರಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಈ ವರ್ಷದ್ದು ನಂಬೋ ಹಾಗಿಲ್ಲ ಸರ್," ಎಂದ ಮೌನೇಶ್. "ಜೂನಿನಲ್ಲಿ ನಾನು ಬಂದಾಗಲೇ ಇವನ ಗ್ಲಾಸ್ ಒಡೆದಿತ್ತು. ನಾನೇ ಒಂದು ಕೊಟ್ಟು ಹೋದೆ. ಅದನ್ನೂ ಸರಿಯಾಗಿ ಉಪಯೋಗಿಸಿಲ್ಲ ಅಂತ ಕಾಣುತ್ತೆ."

ಇಂಜಿನಿಯರರು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡರು. ದೊಡ್ಡವರ ಎದುರಿಗೆ ಇಲಾಖೆಯ ಮರ್ಯಾದೆ ತೆಗೆದವನನ್ನು ಅವರು ಬಯ್ಯಲೂ ಇಲ್ಲ. "ಇವತ್ತಿಂದು ಊಟ ಬಡಿಸು. ನಾಳಿಂದ ಬರಬ್ಯಾಡ. ಆ ಪಟ್ಟಿನಾಗಿನ ನಿನ್ನ ಹೆಸರು ತಗೀರಿ ಅಂತ ನಾ ಬರದು ಕಳಸ್ತೀನಿ," ಎಂದರು. ಪರೀಕ್ಷಕರು ಟೀಪಾಯಿಯ ಮೇಲೆಯೇ ವರದಿಗೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, "ಡಾಕ್ಟರ್ ಮೌನೇಶ್," ಎಂದು ಕೈ ನೀಡಿದರು. ಮೌನೇಶ್ ಇಬ್ಬರ ಕಾಲಿಗೂ ನಮಸ್ಕರಿಸಿದ.

ಬೊಮ್ಮಪ್ಪ ಎಲೆ ಹಾಕಿದ. ನೀರಿಟ್ಟ. ಅನ್ನದ ಪಾತ್ರೆಯನ್ನು ಹಿಡಿದು ನಾಲ್ಕೂ ಎಲೆಗಳಿಗೆ ಸಮನಾಗಿ ಬಡಿಸಿದ. ಮೌನೇಶನ ಎಲೆಯ ಬಳಿಗೆ ಬಂದಾಗ ಸಾರಿನ ಪಾತ್ರೆಯನ್ನು ಜಂಬಮ್ಮ ಗಂಡನ ಕೈಯಿಂದ ತೆಗೆದುಕೊಂಡು ತಾನೇ ಬಗ್ಗಿದಳು. ಕೋಳಿಯ ಕಾಲನ್ನು ಹುಡುಕಿ ಅವನ ಅನ್ನದ ಮೇಲಿಟ್ಟಳು.

"ಉಣ್ಣಪ್ಪ," ಎಂದಳು. "ದೊಡ್ಡಾವಾದಿ."

ಅವನು ಉಂಡ. ಮೂಳೆಯನ್ನು ಎಲೆಯ ತುದಿಗೆ ಒಪ್ಪವಾಗಿ ಇಟ್ಟ. ಕೈ ತೊಳೆಯುವಾಗ ಅಡುಗೆಮನೆಯ ಗೋಡೆ ಅವನಿಗೆ ಎದುರಾಗಿತ್ತು. ಇದ್ದಿಲಿನ ಹದಿನಾಲ್ಕರ ಕೆಳಗೆ ನಿಂತು ಅವನು ಬಹಳ ಹೊತ್ತು ಬೆರಳುಗಳನ್ನು ತಿಕ್ಕಿದ. ನಾಗೇಂದ್ರಪ್ಪನವರು ಜೀಪಿನಿಂದ ಹೆಸರು ಹಿಡಿದು ಕೂಗಿದಾಗ ಒದ್ದೆಯ ಕೈಯಲ್ಲೇ ಹೋದ.

ರಾತ್ರಿ ಮಳೆ ಬಂದಿರಬೇಕು. ಬೆಳಿಗ್ಗೆ ಅಂಗಳ ತೊಯ್ದಿತ್ತು. ಹೊಸ ಮೇಟಿಯನ್ನು ಕರೆದುಕೊಂಡು ಇಂಜಿನಿಯರರ ಕಡೆಯವರು ಯಾವ ಕ್ಷಣದಲ್ಲಾದರೂ ಬರಬಹುದಾಗಿತ್ತು. ಅವರ ಕಣ್ಣಿಗೆ ಬೀಳುವ ಮೊದಲು ನಾನು ಹೊರಡಬೇಕಿತ್ತು. ಹಾಸಿಗೆಯನ್ನು ಸುತ್ತಿಟ್ಟು, ನಕಾಶೆಗಳನ್ನು ಜಗುಲಿಯ ಮೇಲೆ ಒಂದರ ಮೇಲೊಂದು ಹಾಸಿದೆ. ಎಲ್ಲಕ್ಕಿಂತ ಮೇಲಿದ್ದದ್ದು ರಾಜ್ಯದ ಮಳೆಯ ಹಂಚಿಕೆಯ ನಕಾಶೆ. ಹಡಗಲಿ ಸೀಮೆಗೆ ಅದರಲ್ಲಿ ತೆಳು ಹಳದಿಯ ಬಣ್ಣವಿತ್ತು. ಅದನ್ನು ಒಳಮುಖವಾಗಿ ಸುತ್ತತೊಡಗಿದೆ.

ಜಂಬಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೊಮ್ಮಪ್ಪ ಸ್ನಾನ ಮಾಡಿ, ತಲೆ ಬಾಚಿ, ಬೇಲಿಯ ಬಾಗಿಲನ್ನು ತೆಗೆದ. ಬಾಟಲಿಯ ನೀರನ್ನು ಗ್ಲಾಸಿಗೆ ಸುರಿದ. ಕಟ್ಟೆಯ ಮೇಲಿಟ್ಟು ಮಂಡಿಯೂರಿದ. ಬಳಿಕ ಒಳಗೆ ಬಂದು ಪುಸ್ತಕವಿರುತ್ತಿದ್ದ ಗೂಡಿನ ಮುಂದೆ ನಿಂತ. ಅಲ್ಲಿ ಪೆನ್ಸಿಲು ಮಾತ್ರ ದಾರದಿಂದ ನೇತಾಡುತ್ತಿತ್ತು. ಗ್ಲಾಸನ್ನು ಅಲುಗಿಸದೆ ನನ್ನ ಬಳಿಗೆ ನಡೆದು ಬಂದ.

"ನಕಾಶಿ ಅಣ್ಣಾರ, ಎಲ್ಲಾದ್ರೂ ಒಂದೀಟು ಬರಕಳ್ರಿ. ಹದಿನೇಳು ಪಾಯಿಂಟು ಎರಡು."

ದಾರದ ಒಂದು ತುದಿ ನನ್ನ ಹಲ್ಲುಗಳ ನಡುವೆ ಇತ್ತು. ಎರಡು ಕೈಗಳೂ ಗಂಟಿನಲ್ಲಿದ್ದವು. ಗಂಟು ಬಿಗಿಯುವಷ್ಟರಲ್ಲಿ ತಿರುವಿನ ಕಡೆಯಿಂದ ಹರಪನಹಳ್ಳಿ ಬಸ್ಸಿನ ಹಾರ್ನು ಕೇಳಿಸಿತು. ಕಟ್ಟನ್ನು ಹೆಗಲಿಗೇರಿಸಿ, ಚೀಲವನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದಾಗ, ಬೊಮ್ಮಪ್ಪ ಜಗುಲಿಯ ಅಂಚಿನಲ್ಲಿ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಮತ್ತೊಮ್ಮೆ ಓದುತ್ತಿದ್ದ.